ಅಮಾವಾಸ್ಯೆಯ ಮರುದಿನ ಹೋಗುತ್ತಿದ್ದ ಟಿವಿ

ಡಿಶ್ ಕೂರಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈಗ ಕಂಪನಿಯವರು ಮೂರು ದಿನ ತರಬೇತಿ ಕೊಡುತ್ತಾರೆ. ಮೊಬೈಲಿನಲ್ಲಿ ದಿಕ್ಕು ಹುಡುಕುವುದು, ಮೀಟರಿನಲ್ಲಿ ಸಿಗ್ನಲ್ ನೋಡುವುದು, ಗ್ರಾಹಕರು ಬೈದರೂ ನಗುತ್ತ ನಿಲ್ಲುವುದು. ಮೂರೂ ಬೇಕಾದ ವಿದ್ಯೆಗಳೇ, ಬೇಡ ಅನ್ನುವುದಿಲ್ಲ. ಕೊನೆಗೊಂದು ಚಿಕ್ಕ ಪುಸ್ತಕವನ್ನೂ ಕೊಡುತ್ತಾರೆ. ಟಿವಿ ಬಾರದಿರಲು ಹನ್ನೆರಡು ಕಾರಣಗಳು ಅದರಲ್ಲಿವೆ. ನಾನು ಮೂವತ್ತೆರಡು ವರ್ಷ ವಿಜಯಪುರದ ಮಾಳಿಗೆಗಳನ್ನು ಹತ್ತಿ ಇಳಿದವನು. ಹೋದ ಮನೆಯಲ್ಲೆಲ್ಲ ನನಗೆ ಸಿಕ್ಕಿದ್ದು ಹದಿಮೂರನೆಯ ಕಾರಣ. ಪುಸ್ತಕ ಬರೆದವರು ಮಾಳಿಗೆ ಹತ್ತಿದವರಲ್ಲ ಎಂದು ನನಗೆ ಬಲವಾದ ಗುಮಾನಿಯಿದೆ.

ನಾನು ಸೇರಿದಾಗ ಡಿಶ್ ಎಲ್ಲಿತ್ತು? ಉದ್ದ ಕೊಳವೆ, ಅದರ ತುದಿಗೆ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ. ನಾನು ಮೇಲೆ ನಿಂತು ಕೊಳವೆ ತಿರುಗಿಸಬೇಕು, ಮನೆಯವರು ಕೆಳಗೆ ನಿಂತು ತೆರೆ ನೋಡಬೇಕು. "ಬಂತೇನ್ರಿ?" "ಬಂತ್ ಬಂತ್. ಹೋತು." ಈ ಎರಡು ಮಾತು ನನ್ನ ಅರ್ಧ ಆಯುಷ್ಯ ತಿಂದಿವೆ. ಹೆಣ್ಣು ನೋಡಲು ಹೋದಾಗಲೂ ಬಿಡಲಿಲ್ಲ. ಹುಡುಗ ಟಿವಿ ರಿಪೇರಿಯವ ಎಂದು ಗೊತ್ತಾದದ್ದೇ ತಡ, ಚಾ ಕೊಡುವ ಮೊದಲೇ ಮಾಳಿಗೆ ಹತ್ತಿಸಿದರು. ಚಿತ್ರ ನೆಟ್ಟಗೆ ಬಂದಮೇಲೆ ಹುಡುಗಿಯನ್ನು ಹೊರಗೆ ಕರೆದರು. ಈಗ ಅವಳು ನನ್ನ ಹೆಂಡತಿ. ಅಂದು ಚಿತ್ರ ಬಾರದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರೆ ಇಂದಿಗೂ ಸರಿಯಾಗಿ ಉತ್ತರ ಕೊಡುವುದಿಲ್ಲ.

ಆ ಕಾಲದಲ್ಲೇ ಗೋಳಗುಮ್ಮಟದ ಹಿಂದಿನ ಓಣಿಯ ಮನೆಯೊಂದರಿಂದ ಕರೆ ಬಂತು. ತೆರೆಯ ಮೇಲೆ ಎಲ್ಲರೂ ಇಬ್ಬಿಬ್ಬರಾಗಿ ಕಾಣುತ್ತಾರೆಂಬುದು ಆ ಮನೆಯ ಸೊಸೆಯ ದೂರು. ಸಿಗ್ನಲ್ ಒಮ್ಮೆ ನೇರವಾಗಿಯೂ ಇನ್ನೊಮ್ಮೆ ಗುಮ್ಮಟಕ್ಕೆ ಬಡಿದೂ ಬರುತ್ತಿತ್ತು. ಮೂರು ದಿನ ಒದ್ದಾಡಿ ಸರಿಮಾಡಿದೆ. ಹೆಮ್ಮೆಯಿಂದ ಕೆಳಗಿಳಿದರೆ ಆ ಮನೆಯ ಅಜ್ಜ ಕೆಂಡವಾಗಿದ್ದ.

"ಕುಸ್ತಿ ಹಚ್ಚಿದ್ರ ಮೊದಲ ಕಣದಾಗ ನಾಕ ಮಂದಿ ಇರ್ತಿದ್ರು. ಈಗ ಇಬ್ಬರ ಉಳದಾರ. ಮೊದಲ ಹೆಂಗಿತ್ತೋ ಹಂಗ ಮಾಡಿ ಹೋಗ್" ಎಂದ.

ಮತ್ತೆ ಹತ್ತಿ, ಆಂಟೆನಾ ಕೆಡಿಸಿ ಬಂದೆ. ರಿಪೇರಿಗೆ ಕೈ ಹಚ್ಚುವ ಮೊದಲು ಮನೆಯವರಿಗೆ ಏನು ಬೇಕಾಗಿದೆ ಎಂದು ಕೇಳಬೇಕು, ಅದೂ ಮನೆಯ ಎಲ್ಲರನ್ನೂ ಕೇಳಬೇಕು ಎಂದು ಅವತ್ತು ಕಲಿತೆ. ಕಲಿತೆ ಅಂದುಕೊಂಡೆ ಅನ್ನುವುದು ಸರಿ.

ಆಮೇಲೆ ಕೇಬಲ್ ಬಂತು, ಅದರ ಹಿಂದೆ ಡಿಶ್ ಬಂತು. ನಮ್ಮ ಕಡೆಯ ಡಿಶ್‌ಗಳೆಲ್ಲ ಆಗ್ನೇಯ ದಿಕ್ಕಿನ ಆಕಾಶಕ್ಕೆ ಮುಖ ಮಾಡಿರುತ್ತವೆ. ಕೂದಲೆಳೆಯಷ್ಟು ಸರಿದರೂ ಚಿತ್ರ ಹೋಗುತ್ತದೆ. ಬಿಜ್ಜರಗಿಯ ಒಂದು ದ್ರಾಕ್ಷಿ ತೋಟದ ಮನೆಯಲ್ಲಿ ಡಿಶ್ಶಿನ ಕಂಬವನ್ನು ಅಂಗಳದಲ್ಲಿ ನೆಟ್ಟಿದ್ದರು. ಆಡುಗಳು ಬಂದು ಅದಕ್ಕೇ ಮೈ ತಿಕ್ಕುತ್ತಿದ್ದವು. ಸುತ್ತಲೂ ಮುಳ್ಳು ಹಚ್ಚಿರಿ ಎಂದರೆ ಮನೆಯ ಯಜಮಾನ ಒಪ್ಪಲಿಲ್ಲ. "ಟಿವಿ ಹೋತಂದ್ರ ಆಡು ಮನಿಗಿ ಬಂದ್ವು ಅಂತ ಗೊತ್ತಾಗ್ತೈತಿ, ಇರಲಿ ಬಿಡ್ರಿ" ಎಂದ. ನಾನು ದೂರಿನ ಕಾಗದದ ಮೇಲೆ "ಸರಿಯಾಗಿದೆ" ಎಂದು ಬರೆದುಕೊಂಡು ಬಂದೆ.

ಇವೆಲ್ಲ ಸಣ್ಣ ಕೇಸುಗಳು. ನಾನು ಹೇಳಬೇಕೆಂದು ಕುಳಿತಿರುವುದು ನನ್ನ ನೌಕರಿಯ ಕೊನೆಯ ವರ್ಷದ ಕೇಸು. ಅದರಲ್ಲಿ ಡಿಶ್ ಇದ್ದದ್ದು ಮಾಳಿಗೆಯ ಮೇಲಲ್ಲ, ಗಾಡಿಯ ಮೇಲೆ.

ಜಲನಗರದಲ್ಲಿ ಬಿರಾದಾರ ಸಾಹೇಬರು ಅಂತ ಇದ್ದಾರೆ. ಸರಕಾರಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅವರ ಹೆಂಡತಿ ಸರೋಜಾ ಅಕ್ಕೋರು, ಶಾಲೆಯ ಟೀಚರಮ್ಮನಿಗೆ ನಮ್ಮ ಕಡೆ ಹಾಗೇ ಅನ್ನುವುದು, ವಿಜ್ಞಾನ ಕಲಿಸುತ್ತಿದ್ದವರು. ಸಾಹೇಬರಿಗೆ ಬದಲಿಯಾದ ಊರಿಗೆಲ್ಲ ಇವರೂ ಹೋಗಿ, ಅಲ್ಲಿನ ಯಾವುದಾದರೂ ಖಾಸಗಿ ಶಾಲೆಯಲ್ಲಿ ಸೇರಿಕೊಳ್ಳುತ್ತಿದ್ದರಂತೆ. ನಿವೃತ್ತಿಗೆ ಸ್ವಲ್ಪ ಮೊದಲು ಜಲನಗರದಲ್ಲಿ ಮನೆ ಕಟ್ಟಿಸಿದ್ದರು. ಹೀಗಿರುವಾಗ ಸಾಹೇಬರು ಪುಣೆಯಿಂದ ಒಂದು ಹಳೆಯ ದೊಡ್ಡ ವ್ಯಾನು ತಂದರು. ಸೀಟುಗಳನ್ನು ಕಿತ್ತು, ಒಳಗೆ ಮಂಚ, ಗ್ಯಾಸಿನ ಒಲೆ, ಕೈತೊಳೆಯುವ ಬೋಗುಣಿ, ಟಿವಿ ಎಲ್ಲವನ್ನೂ ಕೂರಿಸಿದ ಗಾಡಿ. ಓಣಿಯವರು ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟರು.

ಸಾಹೇಬರ ಲೆಕ್ಕ ಸರಳವಾಗಿತ್ತು. ಮನೆಯನ್ನು ಬಾಡಿಗೆಗೆ ಕೊಡುವುದು, ಎರಡು ವರ್ಷ ಗಾಡಿಯಲ್ಲೇ ಇದ್ದು ದೇಶ ತಿರುಗುವುದು. ಬ್ಯಾಂಕಿನಲ್ಲಿರುವ ಒಬ್ಬರ ಕುಟುಂಬ ಬಾಡಿಗೆಗೆ ಬರುವುದಾಗಿ ಒಪ್ಪಿತ್ತು. ಆ ಮನೆಯಾಕೆ ಎರಡು ಸಲ ಬಂದು ಅಕ್ಕೋರ ಅಡಿಗೆಮನೆಯನ್ನು ಟೇಪು ಹಿಡಿದು ಅಳೆದುಕೊಂಡೂ ಹೋಗಿದ್ದರು. ಅಕ್ಕೋರದು ಒಂದೇ ಷರತ್ತು. ಯಾವ ಊರಲ್ಲಿ ನಿಂತರೂ ಸಂಜೆ ಟಿವಿ ಬರಬೇಕು. ಬಾರದಿದ್ದರೆ ಅವರು ಗಾಡಿ ಹತ್ತುವುದಿಲ್ಲ.

"ಇಷ್ಟ ಅಲ್ಲ?" ಎಂದು ಸಾಹೇಬರು ನಕ್ಕರು. ನನ್ನನ್ನು ಕರೆಸಿ, ಮಾಳಿಗೆಯ ಡಿಶ್ ಬಿಚ್ಚಿಸಿ ಗಾಡಿಯ ನೆತ್ತಿಗೆ ಹಾಕಿಸಿದರು. ಯಾವ ಊರಲ್ಲಿ ಎಷ್ಟು ತಿರುಗಿಸಬೇಕೆಂದು ನಾನು ಹೇಳಿದ್ದನ್ನು ಕೆಂಪು ನೀಲಿ ಪೆನ್ನಿನಲ್ಲಿ ಬರೆದುಕೊಂಡರು. ಕಾಶಿಯವರೆಗಿನ ಊರುಗಳ ಪಟ್ಟಿ ಇತ್ತು. ಆ ಸಂಜೆ ಟಿವಿ ಚೆನ್ನಾಗಿ ಬಂತು. ನಾಲ್ಕನೆಯ ದಿನಕ್ಕೆ ಹೋಯಿತು.

ಹೋಗಿ ನೋಡಿದೆ. ಡಿಶ್ಶಿನ ಮುಂದೆ ಚಾಚಿರುವ ಕಡ್ಡಿಯ ತುದಿಗೆ ಒಂದು ಮೂತಿ ಇರುತ್ತದಲ್ಲ, ತಟ್ಟೆಗೆ ಬಿದ್ದ ಸಿಗ್ನಲ್ಲನ್ನೆಲ್ಲ ಹಿಡಿದುಕೊಳ್ಳುವ ಭಾಗ, ಅದಕ್ಕೆ ದೊಡ್ಡ ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಕರಿದಾರ ಕಟ್ಟಿದ್ದರು. ಹಿಂದಿನ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡಿ ನಿಂಬೆಹಣ್ಣು ಕಟ್ಟದವರು ಯಾರು? ನಾನು ಚಪ್ಪಲಿ ಕಳೆದು, ಅದನ್ನು ಭಕ್ತಿಯಿಂದ ಬಿಚ್ಚಿ, ಒಂದು ಕಾಗದದ ಮೇಲೆ ಇಟ್ಟು ಕೆಲಸಕ್ಕೆ ನಿಂತೆ. ಬೋಗುಣಿಯ ಕೆಳಗೆ ಕೇಬಲ್ಲಿನ ಜೋಡಣೆ ಸಿಕ್ಕಿತು. ಗಾಡಿಗೆ ಮೊದಲು ಟಿವಿ ಕೂರಿಸಿದ ಯಾವನೋ ಪುಣ್ಯಾತ್ಮ ಬರಿಯ ತಂತಿಯನ್ನು ಹೊಸೆದು ಟೇಪು ಸುತ್ತಿಬಿಟ್ಟಿದ್ದ, ಅದರ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕತ್ತರಿಸಿ, ಸರಿಯಾದ ಕನೆಕ್ಟರ್ ಹಾಕಿದೆ. ಮೀಟರ್ ಎಪ್ಪತ್ತರ ಮೇಲೆ ಹೋಯಿತು, ಚಿತ್ರ ಹಾಲಿನಂತೆ ಬಂತು. ಟಿವಿ ಆರಿಸಿ, ನಿಂಬೆಹಣ್ಣನ್ನು ಇದ್ದ ಜಾಗಕ್ಕೇ ಭದ್ರವಾಗಿ ಕಟ್ಟಿ, ಕೈಮುಗಿದು ಇಳಿದೆ.

ಅಕ್ಕೋರು ಚಾ ಕೊಟ್ಟರು, ಜೊತೆಗೆ ಶೇಂಗಾ ಹೋಳಿಗೆ ಕೊಟ್ಟರು. "ನಿಂಬಿಹಣ್ಣ ವಾಪಸ್ ಕಟ್ಟೀರೆಲ್ರಿ?" ಎಂದು ಕೇಳಿದರು.

"ಕಟ್ಟಲಾರ್ದ ಬಿಡ್ತೀನೇನ್ರಿ ಅಕ್ಕೋರ" ಎಂದೆ.

ಸಂಜೆ ಸಾಹೇಬರ ಫೋನು. ಟಿವಿ ಇಲ್ಲ. ಎರಡು ದಿನ ಬಿಟ್ಟು ಹೋದೆ, ಬಿಚ್ಚಿದೆ, ನೋಡಿದೆ, ಎಲ್ಲ ಸರಿ ಇತ್ತು, ಕಟ್ಟಿ ಬಂದೆ. ಮತ್ತೆ ಫೋನು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಟಿವಿ ತಾನಾಗಿಯೇ ಬಂತು. ಸಾಹೇಬರು ಖುಷಿಯಾಗಿ ಗಾಡಿಗೆ ಹೊಸ ಟೈರು ಹಾಕಿಸಿದರು. ಮುಂದಿನ ಅಮಾವಾಸ್ಯೆ ಕಳೆಯಿತು, ಟಿವಿ ಹೋಯಿತು.

ಈ ಸಲ ನೆತ್ತಿಯ ತೂತಿನಲ್ಲಿ ಕೇಬಲ್ ತಗಡಿಗೆ ಉಜ್ಜಿ ಸಿಪ್ಪೆ ಹೋಗಿದ್ದು ಸಿಕ್ಕಿತು. ರಬ್ಬರು ಬಳೆ ಹಾಕಿ, ಹೊಸ ಕೇಬಲ್ ಎಳೆದು, ತೂತು ಮುಚ್ಚಿದೆ. ಆಮೇಲೆ ನಿಂಬೆಹಣ್ಣು ಕಟ್ಟಿದೆ. ನಗಬೇಡಿ. ಪ್ರತಿ ಸಲವೂ ಅಲ್ಲಿ ಒಂದು ನಿಜವಾದ ತಪ್ಪು ಸಿಗುತ್ತಿತ್ತು. ನಿಜವಾದ ತಪ್ಪು ಸಿಕ್ಕವನು ಮತ್ತೊಂದನ್ನು ಹುಡುಕುವುದಿಲ್ಲ, ಇದನ್ನು ಬೇಕಾದರೆ ಪುಸ್ತಕದಲ್ಲಿ ಬರೆದುಕೊಳ್ಳಿ.

ನಮ್ಮ ಸೂಪರ್‌ವೈಸರ್ ನನ್ನ ಮಗನ ವಯಸ್ಸಿನವ. ಮಾಳಿಗೆ ಎಂದೂ ಹತ್ತಿದವನಲ್ಲ, ಎಲ್ಲವನ್ನೂ ಫೋನಿನಲ್ಲೇ ನೋಡುವವ. ಒಂದೇ ಗ್ರಾಹಕರಿಂದ ಪದೇ ಪದೇ ದೂರು ಬಂದರೆ ಆಫೀಸಿನ ಹಲಗೆಯ ಮೇಲೆ ನಮ್ಮ ಹೆಸರು ಬರೆಯುತ್ತಿದ್ದ. ನನ್ನ ಹೆಸರು ಅಳಿಸುವುದೇ ಮರೆತುಹೋಗಿತ್ತು.

"ಬಸಪ್ಪಣ್ಣ, ಗ್ರಹಣಕ್ಕ ಏನರ ಸಂಬಂಧ ಐತೇನು ನೋಡು. ಆಫೀಸಿನ್ಯಾಗ ಎಲ್ಲಾರೂ ಅದನ್ನ ಅನ್ನಾಕತ್ತಾರ" ಎಂದ.

"ಯಪ್ಪಾ, ಗ್ರಹಣ ತಿಂಗಳಿಗೊಮ್ಮಿ ಬರೂದಿಲ್ಲೋ" ಎಂದೆ.

ಆದರೂ ಮನಸ್ಸಿನಲ್ಲಿ ಹುಳ ಬಿಟ್ಟಂತಾಯಿತು. ರಾತ್ರಿ ಊಟದ ಹೊತ್ತಿಗೆ ಕ್ಯಾಲೆಂಡರ್ ತೆಗೆದು ಕುಳಿತೆ. ಚಂದ್ರ ಬೆಳೆದ ಹಾಗೆ ಸಿಗ್ನಲ್ ಬೆಳೆಯುತ್ತಿತ್ತು. ನನ್ನ ಹೆಂಡತಿ ಇಣುಕಿ ನೋಡಿ, "ನಿವೃತ್ತಿ ಆಗೂದ್ರಾಗ ಜ್ಯೋತಿಷ್ಯ ಹಿಡಿದ್ರೇನು" ಎಂದಳು. ನನಗೆ ಅಳು ಬರುವುದೊಂದು ಬಾಕಿ. ಮೂವತ್ತೆರಡು ವರ್ಷ ದುಡಿದು, ಒಂದು ಗಾಡಿಯ ಟಿವಿ ಸರಿಮಾಡಲಾರದೆ ಮನೆಗೆ ಹೋಗುವವನಾಗಿದ್ದೆ.

ಮೂರನೆಯ ಅಮಾವಾಸ್ಯೆಯ ಬೆಳಿಗ್ಗೆ ಸಾಹೇಬರು ಕರೆದರು. ಆಗ ಟಿವಿ ಬಹಳ ಚೆನ್ನಾಗಿ ಬರುತ್ತಿದ್ದ ಕಾಲ.

"ಇವತ್ತ ಪರೀಕ್ಷಾ ಮಾಡೋಣ ಬಸಪ್ಪ. ಟಿಕೋಟಾಕ್ಕ ಹೋಗಿ ನೋಡೋದು, ಅಲ್ಲಿಂದ ಬಬಲೇಶ್ವರಕ್ಕ ಹೋಗಿ ನೋಡೋದು. ಎರಡೂ ಕಡೆ ಬಂತಂದ್ರ ಬ್ಯಾಂಕಿನವರಿಗೆ ಸೋಮವಾರ ಕೀಲಿ ಕೊಡ್ತೀನಿ. ಸರೋಜಾ ಒಪ್ಪ್ಯಾಳ."

ಅಕ್ಕೋರು ಒಪ್ಪಿದ್ದರು. ಗಾಡಿ ಹತ್ತುವಾಗ ಮನೆಯ ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದರು.

ಟಿಕೋಟಾದಲ್ಲಿ ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಡಿಶ್ ತಿರುಗಿಸಿದೆ. ಎರಡೇ ನಿಮಿಷದಲ್ಲಿ ಚಿತ್ರ ಬಂತು. ಸಾಹೇಬರು ಹುಡುಗನಂತೆ ಚಪ್ಪಾಳೆ ತಟ್ಟಿದರು. ಅಕ್ಕೋರು ಇಳಿದು ಎದುರಿನ ಅಂಗಡಿಗೆ ಹೋಗಿ ನಿಂಬೆಹಣ್ಣು, ಮೆಣಸಿನಕಾಯಿ ತಂದರು. "ಅಮಾಸಿ ಅದ, ಹಳೇದು ಒಣಗ್ಯದ. ಬದಲ್ ಮಾಡ್ರಿ" ಎಂದು ನನ್ನ ಕೈಗೆ ಕೊಟ್ಟರು. ನಾನು ಹಿಂದಿನ ಏಣಿ ಹತ್ತಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕಟ್ಟಿ, ಡಿಶ್ಶಿನ ನಟ್ಟು ಬಿಗಿಯಾಗಿದೆಯೇ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಗಾಡಿ ಹೊರಟಿತು.

ಸಾಹೇಬರು ನಾನು ಹಿಂದೆ ಮಂಚದ ಮೇಲೆ ಕುಳಿತಿದ್ದೇನೆ ಎಂದುಕೊಂಡಿದ್ದರು. ನಾನು ನೆತ್ತಿಯ ಮೇಲೆ ಬೋರಲು ಮಲಗಿ, ಎರಡೂ ಕೈಯಿಂದ ಡಿಶ್ಶಿನ ಕಂಬ ಅಪ್ಪಿಕೊಂಡೆ. ತಗಡು ಬಡಿದೆ, ಕೂಗಿದೆ. ಹಳೆಯ ಗಾಡಿ, ಸಪ್ಪಳ ಸಹಜ ಎಂದು ಸಾಹೇಬರು ಒಳಗೆ ಹಾಡು ಹಚ್ಚಿದರಂತೆ. ದಾರಿಯಲ್ಲಿ ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು. ಯಾರೋ ಚುನಾವಣೆಗೆ ನಿಂತವನೆಂದು ತಿಳಿದು ಒಬ್ಬ ಕೈ ಮುಗಿದ. ಒಂದು ಕೈ ಬಿಡುವ ಹಾಗಿಲ್ಲ, ತಲೆ ಅಲ್ಲಾಡಿಸಿದೆ. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ಸೂಪರ್‌ವೈಸರನದು. ಮೂಗಿನ ಮುಂದೆ ಗೇಣು ದೂರದಲ್ಲಿ ಆ ನಿಂಬೆಹಣ್ಣು ತೂಗಾಡುತ್ತಿತ್ತು. ಬಬಲೇಶ್ವರ ಬರುವವರೆಗೂ ನನಗೆ ನೋಡಲು ಬೇರೆ ಏನೂ ಇರಲಿಲ್ಲ. ಆ ಮೂತಿಗೂ ತಟ್ಟೆಗೂ ನಡುವೆ, ಸರಿಯಾಗಿ ಸಿಗ್ನಲ್ ಬರುವ ದಾರಿಯಲ್ಲಿ, ಮುಷ್ಟಿ ಗಾತ್ರದ ರಸ ತುಂಬಿದ ಹಣ್ಣು. ಮಳೆ ಜೋರಾದರೆ ಟಿವಿ ಹೋಗುವುದು ನೀರು ಅಡ್ಡ ಬರುವುದರಿಂದ ಎಂದು ನಾನೇ ಸಾವಿರ ಮನೆಯಲ್ಲಿ ಹೇಳಿದ್ದೇನೆ. ಹಣ್ಣು ಒಣಗಿದ ಮೇಲೆ ಟಿವಿ ತಾನಾಗಿಯೇ ಬರುತ್ತಿದ್ದದ್ದೂ ಅದಕ್ಕೇ.

ಬಬಲೇಶ್ವರದಲ್ಲಿ ಗಾಡಿ ನಿಂತಿತು. ಸಾಹೇಬರು ಇಳಿದು, ನೆತ್ತಿಯ ಮೇಲೆ ನನ್ನನ್ನು ಕಂಡು, "ಅಲ್ಲೋ, ಅಷ್ಟ ಲಗೂ ಹತ್ತಿದೇನು" ಎಂದರು. ಭಜಿ ತರುತ್ತೇನೆಂದು ಅವರು ಹೋಟೆಲಿನ ಕಡೆ ಹೋದರು. ನಾನು ಮೀಟರ್ ಹಚ್ಚಿ ಡಿಶ್ ತಿರುಗಿಸಿದೆ. ಸೊನ್ನೆ. ನಿಂಬೆಹಣ್ಣು ಬಿಚ್ಚಿದೆ. ಎಪ್ಪತ್ತೆರಡು. ಹಿಡಿದೆ, ಸೊನ್ನೆ. ತೆಗೆದೆ, ಎಪ್ಪತ್ತೆರಡು. ಹತ್ತು ಸಲ ಮಾಡಿರಬೇಕು. ಕೆಳಗೆ ಜನ ಕೂಡಿದ್ದರು. "ಡಿಶ್ಶಿಗಿ ದೃಷ್ಟಿ ತೆಗ್ಯಾಕತ್ತಾನ" ಎಂದು ಒಬ್ಬ ಮುದುಕ ಉಳಿದವರಿಗೆ ವಿವರಿಸುತ್ತಿದ್ದ.

ಇಳಿದು ಬಂದೆ. ಅಕ್ಕೋರು ಗಾಡಿಯ ಬಾಗಿಲಲ್ಲಿ ಕುಳಿತಿದ್ದರು.

"ಗೊತ್ತಾತೇನ್ರಿ?" ಎಂದರು.

ನನ್ನ ಕೈಯಲ್ಲಿ ನಿಂಬೆಹಣ್ಣು ಇತ್ತು.

"ಮೊದಲ ಮುಂದಿನ ಬಂಪರಿಗೇ ಕಟ್ಟಿದ್ದೆ" ಎಂದರು ಅಕ್ಕೋರು. "ಬ್ಯಾಂಕಿನಾಕಿ ಬಂದು ನನ್ನ ಅಡಿಗಿಮನಿ ಅಳದ್ಲಲ್ಲ, ಆಮ್ಯಾಲಿನ ಅಮಾಸಿಗಿ ಡಿಶ್ಶಿಗಿ ಕಟ್ಟಿದೆ. ಇಪ್ಪತ್ತೆಂಟ ವರ್ಷ ವಿಜ್ಞಾನ ಕಲಿಸೀನಿ, ಇಷ್ಟರ ತಿಳೀದೇನು. ದೇವರ ಹಣ್ಣು, ಯಾರೂ ತೆಗ್ಯೂದಿಲ್ಲ. ನೀವಂತೂ ಬಾಳ ಭಕ್ತಿಲೆ ವಾಪಸ್ ಕಟ್ಟತಿದ್ರಿ."

"ಸಾಹೇಬ್ರಿಗಿ ಬ್ಯಾಡ ಅಂತ ನೆಟ್ಟಗ ಹೇಳಬೇಕಿತ್ತಲ್ರಿ ಅಕ್ಕೋರ."

"ಹನ್ನೊಂದ ಊರು ಬದಲಿ ಆಗೇದ್ರಿ ಬಸಪ್ಪ. ಹನ್ನೊಂದ ಸಲ ಹೇಳೀನಿ. ಪ್ರತಿ ಸಲ 'ಇದೊಂದ ಸಲ ಸರೋಜಾ' ಅಂದಾರ. ಹನ್ನೊಂದ ಸಾಲಿಗಿ ರಾಜೀನಾಮಿ ಕೊಟ್ಟೀನಿ. ಈಗ ಒಂದ ಮನಿ ಆತು ಅಂತ ಕುಂತ್ರ, ಮನಿಗೇ ಗಾಲಿ ಹಚ್ಚಿ ತಂದಾರ."

ನನಗೆ ನಾಚಿಕೆಯಾಯಿತು. ಎರಡು ತಿಂಗಳು ಆ ಮನೆಗೆ ಹೋಗಿ ಚಾ ಕುಡಿದಿದ್ದೆ, ಹೋಳಿಗೆ ತಿಂದಿದ್ದೆ, ಅವರನ್ನು ಒಂದು ಮಾತು ಕೇಳಿರಲಿಲ್ಲ. ನನ್ನ ಹೆಸರು ಹಲಗೆಯಿಂದ ಅಳಿಸಲು ನಾನು ಅವರನ್ನು ಮನೆಯಿಂದ ಹೊರಡಿಸುತ್ತಿದ್ದೆ.

ಸಾಹೇಬರು ಭಜಿಯ ಪೊಟ್ಟಣ ಹಿಡಿದು ಬಂದರು. "ಬಂತೇನೋ ಬಸಪ್ಪ?"

ಫಾಲ್ಟ್ ಸಿಕ್ಕಿದ ಮೇಲೆ ಸಿಕ್ಕಿಲ್ಲ ಎಂದು ನಾನು ಯಾರಿಗೂ ಹೇಳಿದವನಲ್ಲ. ಸಿಕ್ಕಿದೆ ಎಂದರೆ ಸೋಮವಾರ ಕೀಲಿ ಕೈಬದಲಾಗುತ್ತದೆ. ಅಕ್ಕೋರ ಮುಖ ನೋಡಿದೆ.

"ಫಾಲ್ಟ್ ಸಿಕ್ಕೈತ್ರಿ ಸಾಹೇಬ್ರ" ಎಂದೆ. "ಆದ್ರ ಅದು ಕೇಬಲ್‌ನ್ಯಾಗ ಇಲ್ರಿ. ಅಕ್ಕೋರ, ನಾ ತಂತಿ ಜೋಡಸಾಂವ. ಉಳಿದದ್ದು ನೀವ ಹೇಳ್ರಿ."

ಅಕ್ಕೋರು ಹೇಳಿದರು. ಪಾಠ ಒಪ್ಪಿಸುವ ಹಾಗೆ, ದನಿ ಏರಿಸದೆ, ನಿಂಬೆಹಣ್ಣಿನಿಂದ ಶುರುಮಾಡಿ ಹಿಂದಕ್ಕೆ ಹೋಗಿ ಹನ್ನೊಂದು ಊರುಗಳನ್ನೂ ಹೇಳಿದರು. ಯಾವ ಊರಿನಲ್ಲಿ ತುಳಸಿ ಬಿಟ್ಟು ಬಂದದ್ದು, ಯಾವ ಊರಿನಲ್ಲಿ ಪರೀಕ್ಷೆ ಇನ್ನೆರಡು ತಿಂಗಳಿರುವಾಗ ಮಕ್ಕಳನ್ನು ಬಿಟ್ಟು ಬಂದದ್ದು. ಸಾಹೇಬರು ಬದಲಿಯ ಆರ್ಡರ್ ಹಿಡಿದು ಮುಂದೆ ಹೋಗಿಬಿಡುತ್ತಿದ್ದರಂತೆ. ಸಾಮಾನು ಕಟ್ಟಿ, ಲಾರಿ ಹೇರಿಸಿ, ಹಿಂದಿನಿಂದ ಬರುತ್ತಿದ್ದವರು ಅಕ್ಕೋರು. ಭಜಿಯ ಪೊಟ್ಟಣದ ಎಣ್ಣೆ ಸಾಹೇಬರ ಅಂಗಿಗೆ ಹತ್ತುತ್ತಿತ್ತು, ಅವರಿಗೆ ಗೊತ್ತಾಗಲಿಲ್ಲ.

"ನಿನಗ ನಾ ಏನೂ ತೋರಿಸ್ಲಿಲ್ಲ ಅಂತ ಗಾಡಿ ತಂದೆ ಸರೋಜಾ" ಎಂದರು. ಪೊಟ್ಟಣವನ್ನು ಗಾಡಿಯೊಳಗೆ ಇಟ್ಟು ಕೇಳಿದರು, "ಅಷ್ಟ ಊರಾಗ ನಿನಗ ಯಾವ ಮನಿ ಮನಸ್ಸಿಗಿ ಸೇರಿತ್ತು?"

"ಸೇರೂದ್ರೊಳಗ ಲಾರಿ ಬರ್ತಿತ್ತು" ಎಂದರು ಅಕ್ಕೋರು.

ಸಾಹೇಬರು ಗಾಡಿಯ ಮೆಟ್ಟಿಲ ಮೇಲೆ ಅವರ ಪಕ್ಕ ಕುಳಿತರು. ನಾನು ಕೂಡಿದ ಜನರನ್ನು ಕಳಿಸುವ ನೆವದಲ್ಲಿ ದೂರ ಹೋದೆ. ತಿರುಗಿ ಬಂದಾಗ ಸಾಹೇಬರ ಕಣ್ಣುಗಳು ಕೆಂಪಾಗಿದ್ದವು. ಜೇಬಿನಿಂದ ಫೋನು ತೆಗೆದು, ಅಲ್ಲೇ ನಿಂತು, ಬ್ಯಾಂಕಿನವರಿಗೆ ಮನೆ ಕೊಡುವುದಿಲ್ಲ ಎಂದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಮನಿಗಿ ಬಾ. ಡಿಶ್ ಗಾಡಿ ಮ್ಯಾಲಿಂದ ತಗದು ಮಾಳಗಿ ಮ್ಯಾಲೆ ಹಾಕು" ಎಂದರು.

ಗಾಡಿ ಇನ್ನೂ ಇದೆ. ಬೆಳಿಗ್ಗೆ ಇಬ್ಬರೂ ಎಲ್ಲಿಗಾದರೂ ಹೋಗುತ್ತಾರೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಾರೆ. ನಾನು ದೂರನ್ನು ಮುಚ್ಚಿದೆ. ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ಸೂಪರ್‌ವೈಸರ್ ಕೇಳಿದ. ಹದಿಮೂರನೆಯದು ಎಂದು ಬರಿ ಎಂದೆ. ಅಂಥದ್ದು ಪಟ್ಟಿಯಲ್ಲಿ ಇಲ್ಲ ಎಂದು ವಾದ ಮಾಡಿ, ಕೊನೆಗೆ "ಹವಾಮಾನ" ಎಂದು ಬರೆದುಕೊಂಡ.

ಬಬಲೇಶ್ವರದಿಂದ ಬಂದ ಮರುದಿನ ಡಿಶ್ಶನ್ನು ಮಾಳಿಗೆಯ ಮೇಲೆ ಕೂರಿಸಿದಾಗ ಬರಿಯ ಬೋಲ್ಟು ನನಗೆ ಸಾಲದೆನಿಸಿತು. ಬುಡದಲ್ಲಿ ಮಾಳಿಗೆ ಕೊರೆದು, ಸಿಮೆಂಟು ಹಾಕಿದೆ. ಮೂರು ದಿನ ಬಿಟ್ಟು, ಒಣಗಿದೆಯೇ ಎಂದು ನೋಡಲು ಹೋದೆ. ಅಕ್ಕೋರು ಮಂಡಿನೋವಿನ ಕಾಲಿನಲ್ಲೇ ನನ್ನ ಹಿಂದೆ ಮಾಳಿಗೆ ಹತ್ತಿ ಬಂದರು.

"ಗಟ್ಟಿ ಕುಂತದೇನ್ರಿ?"

"ಕುಂತೈತ್ರಿ. ಇನ್ನ ಇದನ್ನ ತಗೀಬೇಕಂದ್ರ ಮಾಳಗೀನ ಒಡೀಬೇಕು."

ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಕಂಬ ಹಿಡಿದು ನೂಕಿದರು. ಅಲುಗಲಿಲ್ಲ. ಕಣ್ಣೊರೆಸಿಕೊಂಡು, ಮೈಭಾರವನ್ನೆಲ್ಲ ಹಾಕಿ ಇನ್ನೊಮ್ಮೆ ನೂಕಿದರು.